ಕೆಳಸಾಲಿನ ಫೋನು

ಚಂದಿರೂರಿನ ಸೀಗಡಿ ಕಾರ್ಖಾನೆಯಲ್ಲಿ ಸುಗುಣನ್ ಇಪ್ಪತ್ತಾರು ವರ್ಷದಿಂದ ಟೆಲಿಫೋನು ನೋಡಿಕೊಂಡು ಬಂದವನು. ಹಳೆಯ ತಂತಿ ಫೋನುಗಳ ಕಾಲದಲ್ಲಿ ಅವನಿಗೆ ತಂತಿ ಕಡಿಯುವ ಇಲಿಗಳದೊಂದೇ ತಲೆನೋವು. ಇಂಟರ್ನೆಟ್ ಫೋನು ಬಂದಾಗ, ಐವತ್ತು ದಾಟಿದ ಮೇಲೆ, ಕನ್ನಡಕ ಏರಿಸಿಕೊಂಡು ಹೊಸದಾಗಿ ಎಲ್ಲ ಕಲಿತ. ಕಲಿತ ಮೇಲೆ ತುಸು ಜಂಬವೂ ಬಂತು, ಸುಳ್ಳೇಕೆ.

ಗೋಡೆಗೆ ಬಿಗಿದ ಸ್ವಿಚ್ ಎಂಬ ಪೆಟ್ಟಿಗೆಗೆ ಕೇಬಲ್ ಚುಚ್ಚಿದರೆ, ಅದು ಆಚೆ ತುದಿಯಲ್ಲಿರುವುದನ್ನು ನೀನು ಯಾರೆಂದು ಕೇಳುತ್ತದೆ. ಫೋನು ತನ್ನ ಹೆಸರು ಹೇಳಿ ಇಷ್ಟು ಕರೆಂಟು ಬೇಕು ಅನ್ನುತ್ತದೆ. ಸ್ವಿಚ್ ಅದೇ ಕೇಬಲಿನಲ್ಲಿ ಕರೆಂಟು ಕಳಿಸಿ, ಕಂಪ್ಯೂಟರುಗಳ ನೂಕುನುಗ್ಗಲು ತಾಗದ ಹಾಗೆ ಮಾತಿಗೆಂದೇ ಬೇರೆ ದಾರಿ ಬಿಡುತ್ತದೆ. ಇದೆಲ್ಲ ಹೀಗೇ ನಡೆಯಬೇಕೆಂದು ಸ್ವಿಚ್ಚಿಗೆ ಬರೆದುಕೊಟ್ಟವನು ಸುಗುಣನ್.

ಇದ್ದದ್ದು ಇಪ್ಪತ್ತಾರು ಫೋನು. ಕರೆಂಟು ಹೋಗಿ ಬ್ಯಾಟರಿಯ ಮೇಲೆ ಬಿದ್ದರೆ ಇಪ್ಪತ್ತಕ್ಕೆ ಮಾತ್ರ ಶಕ್ತಿ. ಆಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನೂ ಮೊದಲೇ ಬರೆದಿಡಬೇಕು: ಮೇಲುಸಾಲು, ನಡುಸಾಲು, ಕೆಳಸಾಲು. ಮ್ಯಾನೇಜರ್ ಎಲಿಯಾಸ್ ಹೇಳಿದ್ದು ಒಂದೇ ಮಾತು, ವಿದೇಶದ ಖರೀದಿದಾರರು ಇಳಿದುಕೊಳ್ಳುವ ಗೆಸ್ಟ್‌ಹೌಸಿನ ನಾಲ್ಕು ಫೋನು ಸಾಯಕೂಡದು. ನಾಲ್ಕನ್ನು ಮೇಲೆ ಹತ್ತಿಸಿದರೆ ಬೇರೆ ಯಾರನ್ನೋ ಕೆಳಗೆ ದಬ್ಬಬೇಕಲ್ಲ. ಸುಗುಣನ್ ದಬ್ಬಿದ್ದರಲ್ಲಿ, ಸೀಗಡಿ ತಣ್ಣಗಿಡಲು ಅಮೋನಿಯಾ ಗ್ಯಾಸು ಓಡಿಸುವ ಕಂಪ್ರೆಸರ್ ಕೋಣೆಯ ಫೋನೂ ಒಂದು.

ಆ ಕೋಣೆಯ ಆಪರೇಟರ್ ಉದಯಪ್ಪನ್ ಅವನ ಊಟದ ಜೊತೆಗಾರ. ಉದಯಪ್ಪನ್‌ನ ಹೆಂಡತಿ ಸುಭಾಷಿಣಿ ಅದೇ ಕಾರ್ಖಾನೆಯಲ್ಲಿ ಸೀಗಡಿ ಸುಲಿಯುವವಳು. ಅವಳು ಕಳಿಸುತ್ತಿದ್ದ ಮೀನುಸಾರಿನಲ್ಲಿ ಸುಗುಣನ್‌ಗೂ ಪಾಲು.

"ನಿನ್ನ ಫೋನು ಕೆಳಸಾಲಿಗೆ ಹಾಕಿದೀನಿ ಕಣೋ," ಎಂದ ಸುಗುಣನ್ ಒಂದು ದಿನ ಮರಗೆಣಸು ಕಲಸುತ್ತ. "ಹೇಗೂ ನೀನು ಎತ್ತಲ್ಲ."

"ಹಾಕ್ಕೋ ಮಾರಾಯ. ಆ ಗದ್ದಲದಲ್ಲಿ ಅದು ಬಡ್ಕೊಂಡ್ರೂ ನನಗೆಲ್ಲಿ ಕೇಳ್ಸತ್ತೆ."

ಇಬ್ಬರೂ ನಕ್ಕರು. ಬಂದ ಫೋನು ಎತ್ತದವನಿಗೂ ಎಂದಾದರೊಮ್ಮೆ ತಾನೇ ಫೋನು ಮಾಡಬೇಕಾಗಿ ಬರಬಹುದು ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಜುಲೈನ ಒಂದು ಮಧ್ಯಾಹ್ನ ಗಾಳಿಗೆ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಜನರೇಟರ್ ಕೈಕೊಟ್ಟಿತು, ಫೋನುಗಳು ಬ್ಯಾಟರಿಯ ಮೇಲೆ ಬಿದ್ದವು. ಸ್ವಲ್ಪ ಹೊತ್ತಿಗೆ ಅಮೋನಿಯಾ ಕೊಳವೆಯ ಬೆಸುಗೆ ಬಿಟ್ಟು, ಹೆಂಗಸರು ಕೂತು ಸೀಗಡಿ ಸುಲಿಯುವ ಹಾಲಿಗೆ ಗ್ಯಾಸು ನುಗ್ಗಿತು. ಮೊಬೈಲನ್ನು ಒಳಗೆ ಬಿಡುವುದಿಲ್ಲ. ಆಪರೇಟರ್ ಮೊದಲು ಗೇಟಿಗೆ ಫೋನು ಮಾಡಬೇಕು, ಗೇಟಿನವರು ಸೈರನ್ ಕೂಗಿಸಿ ಬಾಗಿಲುಗಳನ್ನು ತೆಗೆಸಬೇಕು, ಅದು ನಿಯಮ. ಗೇಟಿಗೆ ಫೋನು ಬರಲಿಲ್ಲ. ಉದಯಪ್ಪನ್ ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಹಾಲಿಗೆ ಓಡಿ ನಲವತ್ತು ಹೆಂಗಸರನ್ನು ಹಿಂಬಾಗಿಲಿಂದ ಹೊರಗೆ ದಬ್ಬಿದ. ಆಮೇಲೆ ಗ್ಯಾಸಿನ ಕೊಳವೆಯ ಕವಾಟ ಮುಚ್ಚಲು ಹೋದವನು ಅಲ್ಲೇ ಬಿದ್ದ. ಬಾಗಿಲು ಮುಟ್ಟಲಾಗದ ಇಬ್ಬರು ಹೆಂಗಸರೂ ಉಳಿಯಲಿಲ್ಲ. ಸುಭಾಷಿಣಿ ಉಳಿದಳು.

ಅದೇ ಅವಳ ತಪ್ಪಾಯಿತು. ಕರೆಗಳ ದಾಖಲೆಯಲ್ಲಿ ಉದಯಪ್ಪನ್‌ನ ಕರೆಯೇ ಇಲ್ಲ, ಆತ ಜಾಗ ಬಿಟ್ಟು ಹೆಂಡತಿಯನ್ನು ಉಳಿಸಲು ಓಡಿದ ಎಂದು ಆಫೀಸು ಹೇಳಿತು, ಊರು ನಂಬಿತು. ಸತ್ತವರಲ್ಲಿ ಒಬ್ಬಳ ತಾಯಿ ಸುಭಾಷಿಣಿಯ ಅಂಗಳದಲ್ಲಿ ನಿಂತು ಮಣ್ಣು ತೂರಿ ಶಾಪ ಹಾಕಿದಳು. ಕೆಲಸದಲ್ಲಿ ಅವಳ ಪಕ್ಕ ಯಾರೂ ಕೂರಲಿಲ್ಲ.

ಸುಗುಣನ್‌ಗೆ ನಿಜ ಗೊತ್ತಿತ್ತು. ಸ್ವಿಚ್ಚಿನ ನೆನಪಿನಲ್ಲಿ ಒಂದು ಸಾಲು ಕೂತಿತ್ತು: ಹದಿನಾಲ್ಕನೇ ಫೋನು, ಎರಡು ಗಂಟೆ ಏಳು ನಿಮಿಷ, ಶಕ್ತಿ ಸಾಲದೆ ಕರೆಂಟು ತೆಗೆಯಲಾಗಿದೆ. ಹದಿನಾಲ್ಕನೆಯದೆಂದರೆ ಕಂಪ್ರೆಸರ್ ಕೋಣೆಯದು. ಗ್ಯಾಸು ಹೊರಟದ್ದು ಎರಡು ಇಪ್ಪತ್ತಕ್ಕೆ. ಎಲಿಯಾಸ್ ಅವನ ಹೆಗಲ ಮೇಲೆ ಕೈಯಿಟ್ಟು, ಸ್ವಿಚ್ಚನ್ನು ಒಮ್ಮೆ ಆರಿಸಿ ಹಾಕು, ಎಲ್ಲ ಹೊಸದಾಗಿ ಶುರುವಾಗಲಿ ಅಂದ. ಆರಿಸಿದರೆ ಆ ಸಾಲು ಅಳಿಸಿಹೋಗುತ್ತದೆ. ಅಳಿಸಿದರೆ ಸುಗುಣನ್‌ನ ತಪ್ಪೂ ಹೋಗುತ್ತದೆ.

ಅವನನ್ನು ಧೈರ್ಯವಂತ ಎನ್ನಲಾಗದು. ಮೂರು ದಿನ ಗುಂಡಿಯ ಮೇಲೆ ಬೆರಳಿಟ್ಟು, ತೆಗೆದು, ಮನೆಗೆ ಹೋಗಿ ಅನ್ನ ಸೇರದೆ ಮಲಗಿದ. ನಾಲ್ಕನೇ ದಿನ ಆ ಸಾಲನ್ನು ಮುದ್ರಿಸಿ ಜೇಬಿಗಿಟ್ಟುಕೊಂಡ.

ಸರ್ಕಾರದ ವಿಚಾರಣೆಯಲ್ಲಿ ಕಾಗದವನ್ನು ಅಧಿಕಾರಿಯ ಮುಂದಿಟ್ಟು, ಉದಯಪ್ಪನ್ ಎತ್ತಿದ್ದರೂ ಆ ಫೋನು ಗ್ಯಾಸು ಹೊರಡುವ ಹದಿಮೂರು ನಿಮಿಷ ಮೊದಲೇ ಸತ್ತಿತ್ತು ಎಂದ. ಅದನ್ನು ಕೆಳಸಾಲಿಗೆ ಹಾಕಿದ್ದು ಯಾರೆಂದು ಅಧಿಕಾರಿ ಕೇಳಿದಾಗ ಎಲಿಯಾಸ್ ಕಿಟಕಿಯ ಕಡೆ ನೋಡಿದ.

"ನಾನೇ ಸಾರ್. ಗೆಸ್ಟ್‌ಹೌಸಿನ ನಾಲ್ಕನ್ನ ಉಳ್ಸೋಕೆ," ಎಂದ ಸುಗುಣನ್.

ಗೋಡೆ ಪಕ್ಕದ ಬೆಂಚಿನಿಂದ ಸುಭಾಷಿಣಿ ಎದ್ದು ನಿಂತಳು. "ಸುಗುಣಣ್ಣ, ಆ ನಾಲ್ಕೂ ಆಗ ನಡೀತಿದ್ವಾ?"

"ನಡೀತಿದ್ವು."

"ಅಲ್ಲಿ ಯಾರಿದ್ರು?"

ಅವನಿಗೆ ಅವಳ ಮುಖ ನೋಡಲಾಗಲಿಲ್ಲ. "ಯಾರೂ ಇರ್ಲಿಲ್ಲ ಕಣಮ್ಮ. ಬೀಗ ಹಾಕಿತ್ತು."

ಅವಳು ಅಧಿಕಾರಿಯ ಕಡೆ ತಿರುಗಿದಳು. "ಅದನ್ನೂ ಬರ್ಕೊಳ್ಳಿ ಸಾರ್. ಬೀಗ ಹಾಕಿತ್ತು ಅಂತ."

ಅಧಿಕಾರಿ ಬರೆದುಕೊಂಡ.