ನೂರಾ ಹದಿನಾಲ್ಕು ಸಿನಿಮಾಗಳ ಸತ್ತ ತಾಯಿ

ಇದನ್ನೇ ಹಾಕುವುದೋ, ಬೇಡವೋ? ಇನ್ನೊಂದನ್ನು ಹಾಕಿದರೆ ಯಾರಾದರೂ ಗಮನಿಸುತ್ತಾರೆಯೇ? ಗಮನಿಸಿ ಕೇಳಿದರೆ ಏನೆನ್ನುವುದು?

ಬೆಳಗಿನ ಐದೂವರೆ. ಹಲಗೆ, ಬಟ್ಟೆ, ಬಣ್ಣದಲ್ಲಿ ಎಬ್ಬಿಸಿದ ಮೂರೇ ಗೋಡೆಯ ಮನೆಯೊಳಗೆ, ಸ್ಟುಡಿಯೋದ ಸಾಮಾನು ನೋಡಿಕೊಳ್ಳುವ ಮೊಳೆಯಣ್ಣ ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು ನಿಂತಿದ್ದಾರೆ. ಬಲಗೈಯಲ್ಲಿ ಒಂದು ಫೋಟೊ, ಕಂಕುಳಲ್ಲಿ ಇನ್ನೊಂದು. ಜೇಬಿನಲ್ಲಿರುವ ಇವತ್ತಿನ ಚೀಟಿಯಲ್ಲಿ ಎರಡು ಸಾಲು: ಗೋಡೆಗೆ ನಾಯಕನ ಸತ್ತ ತಾಯಿಯ ಫೋಟೊ, ಬಾಗಿಲಿಗೆ ಪಕ್ಕದ ಮನೆಯಾಕೆ, ಒಂದು ಮಾತು.

ಬಲಗೈಯಲ್ಲಿರುವುದು ಯಾರೋ ಗುರುತಿಲ್ಲದ ಹೆಂಗಸಿನ ಫೋಟೊ. ಕಂಕುಳಲ್ಲಿರುವುದು ಅವರ ಹೆಂಡತಿಯದು. ಆ ಹೆಂಡತಿ ಹತ್ತು ಹೆಜ್ಜೆ ಆಚೆ ಕುರ್ಚಿಯಲ್ಲಿ ಕೂತು, ಕೈಗನ್ನಡಿ ಹಿಡಿದು, ಪಕ್ಕದ ಮನೆಯಾಕೆಯ ಆ ಒಂದು ಮಾತನ್ನು ಬಾಯಿಪಾಠ ಮಾಡುತ್ತಿದ್ದಾರೆ. ಅದನ್ನು ಅವರಿಗೇ ಕೊಡುವುದಾಗಿ ಸಹಾಯಕ ನಿರ್ದೇಶಕ ನಿನ್ನೆ ಹೇಳಿ ಹೋಗಿದ್ದಾನೆ. ಆದರೆ ಗೋಡೆಯ ಮೇಲೆ ಸತ್ತವಳೂ ಬಾಗಿಲಲ್ಲಿ ಬದುಕಿರುವವಳೂ ಒಬ್ಬಳೇ ಆಗುವಂತಿಲ್ಲ. ಫೋಟೊ ಗೋಡೆ ಹತ್ತಿದರೆ ಮಾತು ಹೋಯಿತು.

ಹೆಂಡತಿಗೀಗ ಐವತ್ತೆಂಟು. ಸ್ಟುಡಿಯೋದಲ್ಲಿ ಎಲ್ಲರಿಗೂ ‘ಫೋಟೊ ಅಮ್ಮ’. ನಟಿಯಾಗಬೇಕೆಂದು ಬಂದವರು, ಗುಂಪಿನಲ್ಲಿ ನಿಲ್ಲುವ ಕೆಲಸಕ್ಕೆ ಸೇರಿದರು. ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದು ಮಧ್ಯಾಹ್ನ, ತರಬೇಕಿದ್ದ ಫೋಟೊವನ್ನು ಯಾರೋ ಮರೆತು ಬಂದರು. ಗುಂಪಿನಿಂದ ಇವರನ್ನು ಕರೆದು, ಕೂದಲಿಗೆ ಚೂರು ಬಿಳಿ ಪುಡಿ ಉದುರಿಸಿ, ಹತ್ತು ನಿಮಿಷದಲ್ಲಿ ಒಂದು ಚಿತ್ರ ತೆಗೆದರು.

“ನಗಬೇಡ, ಅಳಬೇಡ, ಸುಮ್ನೆ ನೋಡು ಅಂದ್ರು. ನೋಡಿದೆ. ಇನ್ನೂ ನೋಡ್ತಾನೇ ಇದೀನಿ,” ಎನ್ನುತ್ತಾರೆ.

ಆ ಹತ್ತು ನಿಮಿಷ ಇಲ್ಲಿಯವರೆಗೆ ನೂರಾ ಹದಿನಾಲ್ಕು ಸಿನಿಮಾಗಳಿಗೆ ಸಾಕಾಗಿದೆ. ಆ ಫೋಟೊದ ಮುಂದೆ ಮೂರು ತಲೆಮಾರಿನ ನಾಯಕರು ಕಣ್ಣೀರು ಹಾಕಿದ್ದಾರೆ, ಸೇಡು ತೀರಿಸುವ ಪ್ರತಿಜ್ಞೆ ಮಾಡಿದ್ದಾರೆ. “ಮೊದಲನೇ ಮಗ ನನಗಿಂತ ನಾಲ್ಕು ವರ್ಷ ದೊಡ್ಡೋನು. ಅಮ್ಮಾ ಅಂತ ಅತ್ತ. ಆಚೆ ಬಂದು, ಏ ಹುಡುಗಿ, ದಾರಿ ಬಿಡು ಅಂದ.”

ಈಗಲೂ ದಿನಕ್ಕೆ ಒಂಬತ್ತು ಗಂಟೆ ಗುಂಪಿನಲ್ಲಿ ನಿಲ್ಲುತ್ತಾರೆ. ಆಸ್ಪತ್ರೆಯ ಬೆಂಚು, ಕೋರ್ಟಿನ ಹಿಂದಿನ ಸಾಲು, ಸಂತೆಯ ಗದ್ದಲ, ಎಲ್ಲ ಕಡೆಯೂ ಕ್ಯಾಮರಾಗೆ ಬೆನ್ನು. “ಮುಖ ತಿರುಗಿಸ್ಬೇಡ ಅಂತಾರೆ. ಕಂಡ್ರೆ, ಸತ್ತೋಳು ಎದ್ದು ಬಂದ್ಲು ಅಂತ ಜನ ನಗ್ತಾರಂತೆ.” ಇಂಥವರನ್ನು ಎಲೆಮರೆಯ ಕಾಯಿ ಎನ್ನುವುದು ರೂಢಿ. ಇವರ ವಿಷಯದಲ್ಲಿ ಮರೆಮಾಡಿದ ಎಲೆಯೂ ಇವರದೇ ಮುಖ.

ಐದು ವರ್ಷದ ಮಗಳನ್ನು ಒಮ್ಮೆ ಥಿಯೇಟರಿಗೆ ಕರೆದೊಯ್ದಿದ್ದರು. ಪರದೆಯ ಮೇಲೆ ಫೋಟೊ ಕಂಡದ್ದೇ ಮಗು ಎದ್ದು ನಿಂತು, “ನಮ್ಮಮ್ಮ ಸತ್ತಿಲ್ಲ, ಇಲ್ಲೇ ಕೂತಿದಾಳೆ!” ಎಂದು ಚೀರಿತು. ಥಿಯೇಟರಿಗೆ ಥಿಯೇಟರೇ ನಕ್ಕಿತು. ಆಮೇಲೆ ಇವರು ಸಿನಿಮಾ ನೋಡಲು ಹೋಗಿಲ್ಲ.

ಮಾತು ಹಿಂದೆಯೂ ಒಮ್ಮೆ ಸಿಕ್ಕಿತ್ತು, ಹನ್ನೊಂದು ವರ್ಷದ ಕೆಳಗೆ. ಬರಬೇಕಿದ್ದ ನಟಿಗೆ ಜ್ವರ, ಆಕೆಯ ಮಾತು ಇವರ ಪಾಲಿಗೆ ಬಂತು. “ಬಾಗಿಲು ತೆಗೆದೇ ಇತ್ತಮ್ಮ, ಒಳಗೆ ಯಾರೂ ಇರ್ಲಿಲ್ಲ.” ಅಷ್ಟೇ. ಮೊದಲ ಸಲಕ್ಕೇ ಸರಿಹೋಯಿತು. ನಿರ್ದೇಶಕರು ಚಪ್ಪಾಳೆ ತಟ್ಟಿದರು. ವಾರ ಕಳೆದು ಸಂಕಲನದ ಕೋಣೆಯಲ್ಲಿ ನೋಡಿದರೆ, ಮಾತಾಡುವ ಇವರ ಭುಜದ ಹಿಂದೆ ಗೋಡೆಯ ಮೇಲೆ ಇವರದೇ ಫೋಟೊ! ಹಿಂದಿನ ದಿನ ಬೇರೊಂದು ಸಿನಿಮಾಕ್ಕೆಂದು ಅದೇ ಗೋಡೆಗೆ ಹಾಕಿದ್ದು ಇಳಿಸದೆ ಉಳಿದುಬಿಟ್ಟಿತ್ತು. ಅಷ್ಟರಲ್ಲಿ ಮನೆಯ ಸೆಟ್ ಬಿಚ್ಚಿ ಆಗಿತ್ತು. ಮಾತನ್ನು ಕತ್ತರಿಸಿ ಹಾಕಿದರು.

ಇಲ್ಲಿನ ಪದ್ಧತಿ ಹೀಗೆ: ಕ್ಯಾಮರಾ ಓಡುವ ಮುಂಚೆ ಸಾಮಾನಿನವರು ಹಿಂದಿನ ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, “ಗೋಡೆ ಸರಿ” ಎಂದು ಕೂಗಬೇಕು. ಆ ದಿನವೂ ಮೊಳೆಯಣ್ಣ ಕೂಗಿದ್ದರು.

“ಮೂವತ್ತು ವರ್ಷದಲ್ಲಿ ಒಂದು ಗೋಡೆ ತಪ್ಪಿದೋರಲ್ಲ ಇವ್ರು,” ಎನ್ನುತ್ತಾರೆ ಫೋಟೊ ಅಮ್ಮ, ಗಂಡನ ಕಡೆ ನೋಡದೆ. “ಊರೋರ ಗೋಡೆ ಎಲ್ಲ ಕಂಡ ಕಣ್ಣಿಗೆ ನನ್ನ ಗೋಡೆ ಮಾತ್ರ ಕಾಣ್ಲಿಲ್ಲ. ಇವಳು ಮನೇಲಿ ಮಾತಾಡೋದೇ ಸಾಕು ಅನ್ನಿಸಿತ್ತೇನೋ.”

ಮೊಳೆಯಣ್ಣ ಬಗ್ಗಿದ ಮೊಳೆಯೊಂದನ್ನು ಕಲ್ಲಿನ ಮೇಲಿಟ್ಟು ತಟ್ಟಿ ನೇರ ಮಾಡುತ್ತಿದ್ದಾರೆ. ಅದು ಆಗಲೇ ನೇರವಾಗಿದೆ. ಇನ್ನೂ ತಟ್ಟುತ್ತಿದ್ದಾರೆ.

ಕೊನೆಗೆ ಗುರುತಿಲ್ಲದ ಹೆಂಗಸನ್ನೇ ಗೋಡೆಗೆ ಏರಿಸುತ್ತಾರೆ. ಏಳು ಗಂಟೆಗೆ ನಿರ್ಮಾಣದ ಮ್ಯಾನೇಜರ್ ಬರುತ್ತಾರೆ.

“ಇದ್ಯಾರಯ್ಯಾ?”

“ತಾಯಿ, ಸಾರ್.”

“ಯಾರ ತಾಯಿ? ಈಗ ತಾನೇ ಉಂಡು ಎದ್ದು ಬಂದಂಗಿದಾಳೆ. ನಮ್ಮ ಫೋಟೊ ಅಮ್ಮನ್ನ ಹಾಕು.”

“ಅದು ಸಿಗ್ತಿಲ್ಲ ಸಾರ್. ಹುಡುಕ್ತಿದೀನಿ.”

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರಂತೆ! ಅದೇನದು ಕಂಕುಳಲ್ಲಿ?”

ಲೈಟಿನ ಕೆಲಸದವರು ಕಿಸಕ್ಕನೆ ನಗುತ್ತಾರೆ. ಮೊಳೆಯಣ್ಣ ತಲೆ ತಗ್ಗಿಸುತ್ತಾರೆ. “ಇವತ್ತು ಅವಳಿಗೆ ಒಂದು ಮಾತಿದೆ, ಸಾರ್.”

“ಮಾತು ಯಾರ್ ಬೇಕಾದ್ರೂ ಆಡ್ತಾರೆ ಕಣಯ್ಯಾ. ಆ ಮುಖ ಗೋಡೆ ಮೇಲೆ ಕಂಡ್ರೆ ಸಾಕು, ತಾಯಿ ಇಲ್ಲ ಅಂತ ಜನಕ್ಕೆ ತಾನಾಗೇ ಗೊತ್ತಾಗುತ್ತೆ. ಅದು ಬೇರೆ ಯಾರ ಕೈಲಾಗುತ್ತೆ ಹೇಳು?”

ಹೊಗಳಿದೆನೆಂದೇ ಮ್ಯಾನೇಜರ್ ತಿಳಿದಿದ್ದಾರೆ. ಫೋಟೊ ಅಮ್ಮ ಕೈಗನ್ನಡಿಯನ್ನು ಬೋರಲು ಹಾಕುತ್ತಾರೆ.

“ಹಾಕ್ಬಿಡಿ ರೀ. ಸೊಟ್ಟ ಮಾತ್ರ ಹಾಕ್ಬೇಡಿ.”

ಮಾತು ತಲೆ ಬಾಚುವ ಕೆಲಸದಾಕೆಯ ಪಾಲಾಗುತ್ತದೆ. ಆಕೆ ಆರು ಸಲ ತಡವರಿಸುತ್ತಾಳೆ. ಆರು ಸಲವೂ ದೀಪಗಳ ಹಿಂದಿನ ಕತ್ತಲಲ್ಲಿ ಫೋಟೊ ಅಮ್ಮನ ತುಟಿಗಳು ಸದ್ದಿಲ್ಲದೆ ಆ ಮಾತನ್ನು ತಪ್ಪಿಲ್ಲದೆ ಹೇಳಿ ಮುಗಿಸುತ್ತವೆ.

ಆಸೆ ಏನಾದರೂ ಉಳಿದಿದೆಯೇ ಎಂದರೆ, ಹೇಳುತ್ತಾರೆ: “ಇದೆ. ಮಗಳಿಗೆ ಹೇಳಿಟ್ಟಿದೀನಿ. ನಾನು ನಿಜವಾಗಿ ಸತ್ತಾಗ ಆ ಫೋಟೊ ಮಾತ್ರ ಹಾಕ್ಬೇಡ, ಬೇರೆ ತೆಗೆಸು ಅಂತ. ಬಾಯಿ ತೆರೆದಿರ್ಬೇಕು. ಏನೋ ಹೇಳ್ತಿರೋ ಹಂಗೆ.”

ಏಳನೇ ಸಲಕ್ಕೆ ಎಲ್ಲರೂ ಸಜ್ಜಾಗುತ್ತಾರೆ. ಮೊಳೆಯಣ್ಣ ಗೋಡೆಯನ್ನು ಮೇಲಿಂದ ಕೆಳಗೆ ನೋಡುತ್ತಾರೆ. ನಗದ, ಅಳದ ಆ ಇಪ್ಪತ್ತಾರರ ಮುಖದ ಮೇಲೆ ಅವರ ಕಣ್ಣು ಒಂದು ಗಳಿಗೆ ನಿಲ್ಲುತ್ತದೆ. “ಗೋಡೆ ಸರಿ,” ಎಂದು ಕೂಗುತ್ತಾರೆ.

“ಇವತ್ತಾದ್ರೂ ನೋಡಿದ್ರಾ ಸರಿಯಾಗಿ?” ಪಕ್ಕಕ್ಕೆ ಬಂದು ನಿಂತ ಹೆಂಡತಿ ಮೆಲ್ಲಗೆ ಕೇಳುತ್ತಾರೆ.

“ನೋಡಿದೆ,” ಎನ್ನುತ್ತಾರೆ ಮೊಳೆಯಣ್ಣ.

ಹನ್ನೊಂದು ವರ್ಷದ ಹಿಂದಿನ ಆ ದಿನ ತಾನು ಗೋಡೆಯನ್ನು ನೋಡಿಯೇ ಇರಲಿಲ್ಲ, ಮೊದಲ ಸಲ ಮಾತಾಡಲು ನಿಂತ ಹೆಂಡತಿಯನ್ನೇ ನೋಡುತ್ತಿದ್ದೆ ಎಂದು ಅವರು ಆಕೆಗೆ ಎಂದೂ ಹೇಳಿಲ್ಲ.