ಪಟ್ಟಿಯಲ್ಲಿ ರೊಟ್ಟಿ ಇರಲಿಲ್ಲ

ಇವತ್ತು ಅಂಗಳ ಸಾರಿಸಿದೆ. ಎಮ್ಮೆ ಹಿಂಡಿ ಡೇರಿಗೆ ಹಾಲು ಕೊಟ್ಟು ಬಂದೆ. ಶೇಂಗಾ ಹುರಿದು ಸಿಪ್ಪೆ ಹಾರಿಸಿದೆ. ಮಾವನವರ ಧೋತರ ಒಗೆದು ಹಾಕಿದೆ. ಹರಿದ ಕೌದಿಗೆ ತೇಪೆ ಹಚ್ಚಿದೆ. ಸಂಜೆ ನೆಗೆಣ್ಣಿಯ ಎರಡು ದೊಡ್ಡ ಕಬ್ಬಿಣದ ರೊಟ್ಟಿ ಹಂಚುಗಳನ್ನು ತೊಳೆದು, ಎಣ್ಣೆ ಸವರಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆ. ಉಳಿದದ್ದೆಲ್ಲ ದಿನದ ಕೆಲಸ, ಈ ಕೊನೆಯದೊಂದೇ ಇವತ್ತಿನದು.

ನೆಗೆಣ್ಣಿ, ಅಂದರೆ ನನ್ನ ಮೈದುನನ ಹೆಂಡತಿ, ಕಡಕ್ ರೊಟ್ಟಿ ಬಡಿದರೆ ಕಾಗದದಷ್ಟು ತೆಳ್ಳಗಿರುತ್ತದೆ. ಮದುವೆಯಾಗಿ ಬಂದಾಗಿನಿಂದ ಅವಳು ಬೇರೆಯವರ ಖಾನಾವಳಿಯ ಹಿಂದಿನ ಕೋಣೆಯಲ್ಲಿ, ಹೊಗೆಯಲ್ಲಿ ಕೂತು ರೊಟ್ಟಿ ಬಡಿದವಳು. ಮೈದುನ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಉಗಾರದ ಸಕ್ಕರೆ ಕಾರ್ಖಾನೆ ನಿಂತರೆ ಅವನ ಕೆಲಸವೂ ನಿಂತಂತೆ. ಹೀಗಿರುವಾಗ ಬಸ್ ಸ್ಟ್ಯಾಂಡ್ ಎದುರು ಸಣ್ಣದೊಂದು ಅಂಗಡಿ ಖಾಲಿಯಾಯಿತು. ಅಥಣಿ, ರಾಯಬಾಗ, ಮಿರಜದ ಬಸ್ಸಿಗೆ ಕಾಯುವವರೆಲ್ಲ ಅದರ ಮುಂದೆಯೇ ನಿಲ್ಲುತ್ತಾರೆ. ಸ್ವಂತ ರೊಟ್ಟಿ ಅಂಗಡಿ ಹಾಕಬೇಕೆಂದು ನೆಗೆಣ್ಣಿ ಹಟ ಹಿಡಿದಳು.

ಅಂಗಡಿ ಮಾಲೀಕರು ಒಂದೇ ಮಾತು ಹೇಳಿದರು: "ಪುರಸಭೆ ಲೈಸನ್ಸ್ ತಗೊಂಬರ್ರಿ, ಕೀಲಿ ಒಯ್ಯರಿ. ಅಮಾಸಿ ತನಕ ಯಾರಿಗೂ ಕೊಡಂಗಿಲ್ಲ. ಹಿಂದಿನವ ಲೈಸನ್ಸ್ ಇಲ್ಲದ ಕುಂತಿದ್ದ, ನನ್ನ ಶಟರ್ ಮ್ಯಾಲ ನೋಟೀಸ್ ಹಚ್ಚಿ ಹೋದ್ರು."

ಪುರಸಭೆಗೆ ಇಬ್ಬರೂ ಹೋದೆವು. ಗುಮಾಸ್ತ ಕಂಪ್ಯೂಟರಿನಲ್ಲಿ ಮೇಲಿಂದ ಕೆಳಗೆ ಹುಡುಕಿದ.

"ಇದರಾಗ ರೊಟ್ಟಿ ಇಲ್ರಿ ಅಕ್ಕಾರ."

"ಊರಿಗೂರ ದಿನಾ ತಿಂತೈತಿ, ನಿಮ್ಮ ಕಂಪ್ಯೂಟರ್‌ಗೆ ಗೊತ್ತಿಲ್ಲೇನ್ರಿ?" ಎಂದಳು ನೆಗೆಣ್ಣಿ.

ಅವನೂ ನಕ್ಕ. "ಹೋಟೆಲ್ ಐತಿ, ಬೇಕರಿ ಐತಿ, ಹಿಟ್ಟಿನ ಗಿರಣಿ ಐತಿ. ಹೋಟೆಲ್ ಅಂದ್ರ ಮಂದಿ ಕೂಡಾಕ ಜಾಗಾ, ಸಂಡಾಸ ಎಲ್ಲಾ ಬೇಕ್ರಿ. ಬೇಕರಿ ಅಂತ ಹಾಕ್ತೀನಿ. ಎರಡೂ ಸುಡೂದ ಅಲ್ಲೇನ್ರಿ?"

ಒಳ್ಳೆಯ ಮನುಷ್ಯ ಎಂದುಕೊಂಡು ಬಂದೆವು. ಒಳ್ಳೆಯವನೇ ಇದ್ದ.

ತಪಾಸಣೆಯ ದಿನ ಮಾಲೀಕರು ಶಟರ್ ತೆಗೆದುಕೊಟ್ಟರು. ನೆಗೆಣ್ಣಿ ಒಲೆ ಹೂಡಿ, ಎರಡೂ ಹಂಚಿಟ್ಟು, ಬುಟ್ಟಿ ತುಂಬ ರೊಟ್ಟಿ ಮಾಡಿದಳು. ಪುರಸಭೆಯ ಸಾಹೇಬರು ಬಂದು ಸುತ್ತ ನೋಡಿದರು.

"ಓವನ್ ಎಲ್ಲೈತಿ?"

"ಓವನ್ ಯಾಕ್ರಿ ಸಾಹೇಬ್ರ? ಹಂಚ್ ಐತಲ್ರಿ."

"ಬೇಕರಿಗೆ ಓವನ್ ಬೇಕವಾ." ಶೇಂಗಾ ಚಟ್ನಿ ಹಚ್ಚಿಕೊಂಡು ಒಂದು ರೊಟ್ಟಿ ತಿಂದರು. "ಭಾಳ ಛಲೋ ಆಗ್ಯಾವ. ಆದ್ರ ನಾ ಏನಂತ ಬರೀಲಿ? ಓವನ್ ಇಲ್ಲದ ಬೇಕರಿ ಅಂತ ಬರೀಲೇನು?"

ಅರ್ಜಿ ವಾಪಸ್ ಬಂತು.

ಅದೇ ವಾರ ನಮ್ಮ ವಾರ್ಡಿನ ಸಭೆ ಇತ್ತು. ನಾಲ್ಕು ಜನರ ಮುಂದೆ ಎದ್ದು ನಿಂತು ಮಾತಾಡಿದವಳಲ್ಲ ನಾನು. ಅವತ್ತು ಎದ್ದೆ.

"ರೊಟ್ಟಿ ಅಂತ ಒಂದ ಹೆಸರ ಸೇರಸ್ರಿ. ಹಪ್ಪಳ, ಸಂಡಿಗಿ, ಚಟ್ನಿಪುಡಿ ಮಾಡೂ ಹೆಣ್ಮಕ್ಕಳೂ ಓಣಿ ತುಂಬ ಅದಾರ. ಇಂಥಾ ಸಣ್ಣ ಕೆಲಸಕ್ಕ ಒಂದ ಸಾದಾ ಲೈಸನ್ಸ್ ಕೊಡ್ತೀವಿ ಅಂತ ಠರಾವ ಮಾಡ್ರಿ. ಅಂಗಡಿ ತೆರೆದ್ರ ಕರ ನಿಮಗ ಬರತೈತಲ್ರಿ."

"ಖರೆ ಮಾತ ಹೇಳಿದ್ರಿ ಅಕ್ಕಾರ," ಎಂದರು ವಾರ್ಡಿನ ಸದಸ್ಯರು. "ಆದ್ರ ಆ ಪಟ್ಟಿ ನಮ್ಮ ಕೈಯಾಗಿಲ್ಲ. ಮ್ಯಾಲಿಂದ ಬರತೈತಿ. ಬರದು ಕಳಸ್ತೀವಿ."

ಹಿಂದಿನಿಂದ ಯಾರೋ ಕೂಗಿದರು: "ಅಲ್ಲೀ ತನಕ ರೊಟ್ಟಿ ಕೆಡಂಗಿಲ್ಲ ಬಿಡ್ರಿ, ಕಡಕ್ ಅದಾವ!"

ಸಭೆಯೆಲ್ಲ ನಕ್ಕಿತು. ನೆಗೆಣ್ಣಿಯೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಮೇಲೆ ಎಂದರೆ ಎಷ್ಟು ಮೇಲೆ ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಚಹಾ ಬಂತು, ಮಾತು ಗಟಾರದ ಕಡೆಗೆ ಹೊರಳಿತು.

ಅಮಾವಾಸ್ಯೆ ಕಳೆದ ಮೇಲೂ ಮಾಲೀಕರು ಸ್ವಲ್ಪ ದಿನ ತಡೆದರು. ನಿನ್ನೆ ಮನೆತನಕ ಬಂದು, "ನಾನರೆ ಎಷ್ಟಂತ ತಡೀಲಿ ತಂಗಿ?" ಎಂದು ತಲೆ ತಗ್ಗಿಸಿಯೇ ಹೇಳಿದರು. ತಪಾಸಣೆಯ ದಿನದಿಂದ ಅಲ್ಲೇ ಇದ್ದ ಹಂಚು ತರಲು ಇವತ್ತು ಹೋದಾಗ ಅಲ್ಲಿ ಮೊಬೈಲ್ ಅಂಗಡಿಯ ಬೋರ್ಡು ಏರಿಸುತ್ತಿದ್ದರು. ಪಟ್ಟಿಯಲ್ಲಿ ಅದು ಇದೆ.

ಒಂದೊಂದು ಹಂಚು ಕಂಕುಳಲ್ಲಿ ಹಿಡಿದು ಇಬ್ಬರೂ ಹೊರಟೆವು. ಖಾನಾವಳಿಯವರು ಬಾಗಿಲಲ್ಲೇ ನಿಂತಿದ್ದರು.

"ನಾಳಿಂದ ಬರ್ತೀಯಲ್ಲ?"

"ಬರ್ತೀನ್ರಿ," ಎಂದಳು ನೆಗೆಣ್ಣಿ. ನಡೆಯುವುದನ್ನು ನಿಲ್ಲಿಸಲಿಲ್ಲ.

ನಾನು ಹಂಚಿಗೆ ಎಣ್ಣೆ ಸವರುವಾಗ ಹತ್ತಿರ ಬಂದು ಕೂತಳು. "ಇನ್ನಷ್ಟ ಹಚ್ಚ ಅಕ್ಕಾ, ಜಂಗ ಹಿಡೀಬಾರ್ದು. ಲಗೂನ ಇಳಸೂವು ಅಲ್ಲ ಅವು."

ರಾತ್ರಿ ಬೇರೆ ಅಡುಗೆ ಮಾಡಲಿಲ್ಲ. ತಪಾಸಣೆಗೆಂದು ಮಾಡಿದ್ದರಲ್ಲಿ ಉಳಿದ ರೊಟ್ಟಿಯನ್ನೇ ಮುರಿದು, ಬೇಳೆ ಆಮಟಿಯಲ್ಲಿ ನೆನೆಸಿ ತಿಂದೆವು. "ಬೇಕರಿ ಮಾಲ ಮೆತ್ತಗಾಗ್ಯಾವ ನೋಡ," ಎಂದರು ಹಲ್ಲಿಲ್ಲದ ಮಾವನವರು. ಅವಳನ್ನು ನಗಿಸಲೆಂದೇ ಅಂದದ್ದು. ಅವಳು ಅವರ ತಾಟಿಗೆ ಇನ್ನೊಂದು ಸೌಟು ಆಮಟಿ ಹಾಕಿದಳು, ಅಷ್ಟೇ. ದಿನಾ ಕದ ಹಾಕಿ, ದೀಪ ಆರಿಸಿ ಎಲ್ಲರ ಕೊನೆಗೆ ಮಲಗುವವಳು ಅವಳು. ಇವತ್ತು ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ಎಲ್ಲರಿಗಿಂತ ಮೊದಲು ಅವಳೇ ಮಲಗಿದ್ದಳು.