ಬೀರತಾತನ ಕಿವಿ, ನನ್ನ ಒಂದು ಚಿಟಿಕೆ ಉಪ್ಪು

ನೀವು ನಂಬೋದಿಲ್ಲ, ನನಗೆ ಗೊತ್ತು. ನಮ್ಮ ಬೀರತಾತನ ಎಡಗಿವಿಯಲ್ಲಿ ಎಷ್ಟು ಕೂದಲಿತ್ತೆಂದರೆ ಗುಬ್ಬಿಯೊಂದು ಅಲ್ಲಿ ಬಾಡಿಗೆಗೆ ಇರಬಹುದಿತ್ತು. ಅಪ್ಪ ಪಕ್ಕದಲ್ಲೇ ನಿಂತು ಕಿರುಚಿದರೂ ಆ ಕಿವಿಗೆ ಕೇಳುತ್ತಿರಲಿಲ್ಲ. ಬೆರಳ ತುದಿಯಷ್ಟಿರುವ ಹ್ಯಾಮ್‌ಸ್ಟರ್ ಮರಿ ‘ಚಿಂಯ್’ ಅಂದರೆ ಮಾತ್ರ ಹಿತ್ತಲಿಂದ ಎದ್ದು ಬರುತ್ತಿದ್ದ.

ತಾತ ನಮ್ಮಜ್ಜಿಯ ತಮ್ಮ. ಪೆನ್ನಾಗರದ ಕಾಡಂಚಿನಲ್ಲಿ ಐವತ್ತು ವರ್ಷ ಕುರಿ ಕಾಯ್ದವನು. ಸ್ಕೂಲಲ್ಲಿ ನಾನು ನೂರೈವತ್ತು ಅಂದಿದ್ದೆ. ಮಂಡಿ ಕೈಕೊಟ್ಟ ಮೇಲೆ ಕುರಿ, ಮನೆ ಎರಡನ್ನೂ ಮಾರಿ ನಂಗವಳ್ಳಿಗೆ, ನಮ್ಮನೆಗೆ ಬಂದ. ತಂದದ್ದು ಒಂದೇ ಒಂದು ಕಂಬಳಿ. ಅದರ ವಾಸನೆಗೆ ನಮ್ಮ ಬೀದಿಯ ಸೊಳ್ಳೆಗಳು ತಾರಮಂಗಲಕ್ಕೆ ವಲಸೆ ಹೋದವು. ಅದಿಲ್ಲದೆ ತಾತನಿಗೆ ನಿದ್ದೆ ಬರುತ್ತಿರಲಿಲ್ಲ.

ಅಪ್ಪನಿಗೆ ಅವನನ್ನು ಕಂಡರೆ ಆಗದು. ತಾತ ಪಕ್ಕದ ಮನೆ ನಾಯಿಗೆ ಹರಳೆಣ್ಣೆ ಕುಡಿಸಿ, ಅದು ಅವರ ಹೊಸ ಸೋಫಾ ಮೇಲೆ ಧನ್ಯವಾದ ಸಲ್ಲಿಸಿದ ದಿನ ಅಪ್ಪ ಹೇಳಿಬಿಟ್ಟಿದ್ದರು: "ಮಾವಾ, ಇನ್ನೊಂದ್ ಕಿತ ನಿನ್ ಕುರಿ ವೈದ್ಯ ಈ ಮನೇಲಿ ನಡೀತೋ, ಅವತ್ತೇ ಪೆನ್ನಾಗರಂ ಬಸ್ ಹತ್ತಿಸ್ಬಿಡ್ತೀನಿ."

ಸೇಲಂನಿಂದ ನಾನು ಹಟ ಮಾಡಿ ತಂದ ಹ್ಯಾಮ್‌ಸ್ಟರ್ ವಾರದೊಳಗೆ ಆರು ಮರಿ ಹಾಕಿತು. ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ, ನೆನೆಸಿದ ಕಡಲೆಬೀಜದ ಹಾಗೆ. "ಕಾಸು ಕೊಟ್ಟು ಇಲಿ ತಂದವ್ಳೆ" ಎಂದು ಊರಿಗೆಲ್ಲ ಹೇಳಿ ನಕ್ಕಿದ್ದ ತಾತ ಅವತ್ತು ನಗಲಿಲ್ಲ. ಗೂಡಿಗೆ ಕಿವಿ ಹಚ್ಚಿ ಕೂತ.

"ಕೇಳು ಮಗಾ. ಎಳೆದೆಳೆದು ಕೂಗಿದ್ರೆ ಆಲು ಬೇಕು ಅಂತ. ತುಂಡು ತುಂಡಾಗಿ ಕೂಗಿದ್ರೆ ಚಳಿ." ತಾಯಿ ಕಟಕಟ ಹಲ್ಲು ಕಡಿಯಿತು. "ಇದು, ದೂರ ಓಗು ಅಂತ. ಕಣ್ ಬಿಡೋಗಂಟ ಮರಿ ಮುಟ್ಬ್ಯಾಡ. ನೋಡೋಕೂ ಯಾರೂ ಬರಾದ್ ಬ್ಯಾಡ."

ಯಾರೂ ನೋಡಬಾರದಾದರೆ ಹ್ಯಾಮ್‌ಸ್ಟರ್ ಸಾಕುವುದಾದರೂ ಯಾಕೆ? ಮೂರನೇ ದಿನ ತಾತ ಟೀ ಅಂಗಡಿಗೆ ಹೋದದ್ದೇ, ನನ್ನ ಕ್ಲಾಸಿನ ತೇನ್ಮೊಳಿಯನ್ನು ಕರೆತಂದೆ. ನನಗೆ ಹ್ಯಾಮ್‌ಸ್ಟರ್ ಭಾಷೆ ಪೂರ್ತಿ ಬರುತ್ತದೆ ಅಂದೆ.

"ರೀಲ್ ವಿಡಾದೆ ಡೀ" ಎಂದು ಅವಳು ನಕ್ಕಳು. ಬುರುಡೆ ಬಿಡಬೇಡ ಕಣೇ ಅಂತ, ತಮಿಳಲ್ಲಿ.

ಒಂದು ಮರಿ ಗುಂಪಿನಿಂದ ದೂರ ಬಿದ್ದಿತ್ತು. ತಾಯಿಕುರಿ ಮರಿಯನ್ನು ಸೇರಿಸದಿದ್ದರೆ ತಾತ ಮರಿಯ ಬೆನ್ನಿಗೆ ಉಪ್ಪು ಸವರುತ್ತಿದ್ದನಂತೆ. ಉಪ್ಪಿನ ಆಸೆಗೆ ನೆಕ್ಕಿ ನೆಕ್ಕಿ, ಕೊನೆಗೆ ತಾಯಿ ಹಾಲು ಕೊಡುತ್ತದಂತೆ. ಆ ಕಥೆ ನನಗೆ ಬಾಯಿಪಾಠ. ದೊಡ್ಡ ಡಾಕ್ಟರಂತೆ ಮರಿಯನ್ನು ಎರಡು ಬೆರಳಲ್ಲಿ ಎತ್ತಿ, ಒಂದು ಚಿಟಿಕೆ ಉಪ್ಪು ಸವರಿ, ತಾಯಿಯ ಮುಂದಿಟ್ಟೆ. ಮರಿ ಕೂಗಿತು. ಅದು ಹಾಲಿನ ಕೂಗೂ ಅಲ್ಲ, ಚಳಿಯದೂ ಅಲ್ಲ. ತಾಯಿ ಕಟಕಟ ಅಂದಿತು.

"ನೋಡು, ನಂಗೆ ಥ್ಯಾಂಕ್ಸ್ ಅಂತೈತೆ" ಅಂದೆ.

ತಾಯಿ ಮರಿಯನ್ನು ತಲೆಯಿಂದ ತಿನ್ನತೊಡಗಿತು. ತೇನ್ಮೊಳಿ ಚಪ್ಪಲಿ ಬಿಟ್ಟು ಓಡಿದಳು.

ತಾತ ಬಂದ. ಗೂಡಿನಲ್ಲಿ ಚೆಲ್ಲಿದ್ದ ಉಪ್ಪು ನೋಡಿದ, ನನ್ನ ಬೆರಳು ನೋಡಿದ. ಬೈಯಲಿಲ್ಲ. "ಎಂಗ್ ಕೂಗ್ತು ಮಗಾ?" ಅಂದ. ಕೂಗಿ ತೋರಿಸಿದೆ, ಒಂದಿಷ್ಟೂ ಸೇರಿಸದೆ. ಅವನು ಕಂಬಳಿ ತಂದು ಗಾಳಿಗೆ ಸಂದು ಬಿಟ್ಟು ಗೂಡಿಗೆ ಹೊದಿಸುತ್ತಿದ್ದಾಗ ಅಪ್ಪ ಒಳಗೆ ಬಂದರು.

"ಉಪ್ಪಾ? ಯಾರ್ ಆಕಿದ್ದು?"

ಯಾವುದರ ಬಗ್ಗೆ ಬೇಕಾದರೂ ಒಂದು ಗಂಟೆ ಮಾತಾಡಬಲ್ಲ ನನ್ನ ಬಾಯಿ ತೆರೆಯಲಿಲ್ಲ. ತಾತ ಒಂದು ಗಳಿಗೆ ನನ್ನ ಕಡೆ ನೋಡುತ್ತಾ ಕಾದ.

"ನಾನೇ ಕಣಪ್ಪಾ" ಅಂದ.

"ಏಳು. ನಿನ್ ಕಂಬ್ಳಿ ತಗೋ. ಬಸ್ ಐತೆ ಈಗ."

ತಾತ ಮಂಡಿ ಹಿಡಿದು ಎದ್ದ. ಕಂಬಳಿ ಮುಟ್ಟಲಿಲ್ಲ.

"ಅದು ಇಲ್ಲೇ ಇರ್ಲಿ. ಇನ್ನೂ ಐದ್ ಮರಿ ಅವೆ, ಚಳಿ ಚಳಿ ಅಂತಾವೆ."